ಒಂದೇ ಸಂಚಿಕೆ, ಎರಡು ಹೆಸರು, ಒಬ್ಬರೇ ಹೈನ್‌ಲೈನ್

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ವಿಜ್ಞಾನ ಕತೆಗಾರ ರಾಬರ್ಟ್ ಎ. ಹೈನ್‌ಲೈನ್ ಅವರನ್ನು ಕುರಿತ ಲೇಖನ ಓದಿದೆವು. ಅವರು ‘ಐದು ಗುಪ್ತನಾಮಗಳ ಹಿಂದೆ ಅಡಗಿಕೊಂಡಿದ್ದರು’ ಎಂದು ಅದರಲ್ಲಿದೆ. ಐದು ಎಂಬ ಎಣಿಕೆ ಸರಿ, ಅಡಗಿಕೊಂಡಿದ್ದರು ಎಂಬುದು ಸರಿಯಲ್ಲ. ಪಕ್ಕದ ಚೌಕದಲ್ಲಿ ಕೊಟ್ಟ ಕೃತಿಪಟ್ಟಿಯಲ್ಲಂತೂ ಒಂದೇ ಕತೆ ಎರಡು ಸಲ ಲೆಕ್ಕಕ್ಕೆ ಬಂದಿದೆ, ಇನ್ನೊಂದು ಕತೆಗೆ ಹದಿನೆಂಟು ವರ್ಷ ತಡವಾದ ಇಸವಿ ಬಿದ್ದಿದೆ. ಪತ್ರಿಕೆಯ ಪಟ್ಟಿ ನೋಡಿಕೊಂಡೇ ಅನುವಾದಕ್ಕೆ ಕತೆ ಆರಿಸುವವರಿದ್ದಾರೆ, ಕ್ಯಾಟಲಾಗಿಗೂ ಅದೇ ಇಳಿಯುತ್ತದೆ. ಹಾಗಾಗಿ ಈ ಪತ್ರ ಕೊಂಚ ಉದ್ದವಾದರೂ ಜಾಗ ಕೊಡಬೇಕೆಂದು ಕೋರುತ್ತೇವೆ.

ಬರಹಗಾರರ ಹೆಸರಿಗೆ ಕನ್ನಡದಲ್ಲಿ ಮೂರು ಪದಗಳಿವೆ: ಅಂಕಿತ, ಕಾವ್ಯನಾಮ, ಗುಪ್ತನಾಮ. ಅಂಕಿತ ವಚನದ ಒಳಗೇ ಕೂತಿರುತ್ತದೆ; ‘ಕೂಡಲಸಂಗಮದೇವ’ ಬಂತೆಂದರೆ ಬಸವಣ್ಣನವರದೆಂದು ತಿಳಿಯುತ್ತೇವೆ. ಕಾವ್ಯನಾಮ ಊರಿಗೆಲ್ಲ ಗೊತ್ತಿರುವ ಹೆಸರು. ಕುವೆಂಪು ಅಂದರೆ ಯಾರು ಎಂದು ಯಾರೂ ಕೇಳುವುದಿಲ್ಲ. ಮುಚ್ಚಿಡಲೆಂದೇ ಇಟ್ಟುಕೊಂಡದ್ದು ಗುಪ್ತನಾಮ. ಹೈನ್‌ಲೈನ್ ಬಳಸಿದ ಹೆಸರುಗಳು ಈ ಮೂರರ ಯಾವ ಗೂಡಿನಲ್ಲೂ ನೆಟ್ಟಗೆ ಕೂರುವುದಿಲ್ಲ. ಹತ್ತಿರದ ಹೋಲಿಕೆ ಬೇಕೆಂದರೆ, ಕವಿತೆಗೆ ಅಂಬಿಕಾತನಯದತ್ತ, ವಿಮರ್ಶೆಗೆ ದ. ರಾ. ಬೇಂದ್ರೆ ಎಂಬ ವಿಂಗಡಣೆಯನ್ನು ನೆನೆಯಬಹುದು. ಅದಕ್ಕೆ ಅಂಗಡಿಯ ದರಪಟ್ಟಿಯನ್ನೂ ಸೇರಿಸಿದರೆ ಹೈನ್‌ಲೈನರ ಲೆಕ್ಕ ಸಿಕ್ಕುತ್ತದೆ.

ದರದಿಂದಲೇ ಶುರು ಮಾಡೋಣ. ಅಗ್ಗದ ಒರಟು ಕಾಗದದ ಮೇಲೆ ಅಚ್ಚಾಗುತ್ತಿದ್ದ ಆ ಕಾಲದ ಅಮೆರಿಕನ್ ‘ಪಲ್ಪ್’ ಪತ್ರಿಕೆಗಳು ಲೇಖಕರಿಗೆ ಪದದ ಲೆಕ್ಕದಲ್ಲಿ ಹಣ ಕೊಡುತ್ತಿದ್ದವು. ಹೈನ್‌ಲೈನರ ಮೊದಲ ಕತೆ ‘ಲೈಫ್‌ಲೈನ್’ ಸುಮಾರು 7,000 ಪದದ್ದು. ‘ಅಸ್ಟೌಂಡಿಂಗ್’ ಮಾಸಪತ್ರಿಕೆಯ ಸಂಪಾದಕ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಅದನ್ನು ಪದಕ್ಕೆ ಒಂದು ಸೆಂಟಿನಂತೆ 70 ಡಾಲರಿಗೆ ಕೊಂಡು 1939ರ ಆಗಸ್ಟ್ ಸಂಚಿಕೆಯಲ್ಲಿ ಹಾಕಿದರು. ವಿಜ್ಞಾನ ಕತೆಯ ಮಟ್ಟಿಗೆ ಅದು ಮೇಲಿನ ದರ. ಇಪ್ಪತ್ತರ ಆಸುಪಾಸಿನ ಹುಡುಗ ಫ್ರೆಡರಿಕ್ ಪೋಲ್ ನಡೆಸುತ್ತಿದ್ದ ‘ಸೂಪರ್ ಸೈನ್ಸ್ ಸ್ಟೋರೀಸ್’, ‘ಅಸ್ಟಾನಿಷಿಂಗ್ ಸ್ಟೋರೀಸ್’ನಂಥ ಪತ್ರಿಕೆಗಳಲ್ಲಿ ಅರ್ಧ ಸೆಂಟು ನಡೆಯುತ್ತಿತ್ತು. ಅದೇ 7,000 ಪದ ಅಲ್ಲಿಗೆ ಹೋದರೆ 35 ಡಾಲರು.

ಕ್ಯಾಂಪ್‌ಬೆಲ್ ಬೇಡವೆಂದ ಕತೆಯನ್ನು ಮನೆಯಲ್ಲಿಟ್ಟು ಏನು ಮಾಡುವುದು? ಅರ್ಧ ಸೆಂಟಿಗಾದರೂ ಸರಿ, ಮಾರಬೇಕು. ಆದರೆ ಒಂದು ಸೆಂಟಿಗೆ ಹೋಗುವ ಹೆಸರೇ ಪಕ್ಕದ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕರೆ ಮೊದಲ ಅಂಗಡಿಯಲ್ಲಿ ಅದರ ಬೆಲೆ ಉಳಿಯುವುದಿಲ್ಲ. ಅದಕ್ಕಾಗಿ ಬಂದ ಹೆಸರು ಲೈಲ್ ಮನ್ರೋ. ಲೈಲ್ ಎಂಬುದು ತಾಯಿಯ ತವರಿನ ಮನೆತನದ ಹೆಸರು. 1940ರ ಮೇ ತಿಂಗಳ ‘ಸೂಪರ್ ಸೈನ್ಸ್ ಸ್ಟೋರೀಸ್’ನಲ್ಲಿ ‘ಲೆಟ್ ದೇರ್ ಬಿ ಲೈಟ್’, 1941ರ ನವೆಂಬರಿನಲ್ಲಿ ‘ಲಾಸ್ಟ್ ಲೀಜನ್’, 1942ರ ಮಾರ್ಚಿನ ‘ಅಸ್ಟಾನಿಷಿಂಗ್’ನಲ್ಲಿ ‘ಪೈಡ್ ಪೈಪರ್’, ಹೀಗೆ ಎರಡನೆಯ ದರದ ಸರಕೆಲ್ಲ ಮನ್ರೋ ಹೆಸರಿನಲ್ಲೇ ಹೋಯಿತು. ರೇ ಬ್ರ್ಯಾಡ್‌ಬರಿ ಹರೆಯದಲ್ಲಿ ತಾವೇ ಹೊರಡಿಸುತ್ತಿದ್ದ ‘ಫ್ಯೂಚುರಿಯಾ ಫ್ಯಾಂಟೇಸಿಯಾ’ ಎಂಬ ಸಣ್ಣ ಪತ್ರಿಕೆಗೆ ಹೈನ್‌ಲೈನ್ ಕೊಟ್ಟ ‘ಹೈಲ್!’ ಕೂಡ ಮನ್ರೋ ಖಾತೆಗೇ ಸೇರಿದೆ.

ಆನ್ಸನ್ ಮ್ಯಾಕ್‌ಡೊನಾಲ್ಡ್ ಕತೆ ಬೇರೆ. ಇದು ಕಡಿಮೆ ದರದ ಹೆಸರಲ್ಲ, ಅದೇ ಕ್ಯಾಂಪ್‌ಬೆಲ್, ಅದೇ ‘ಅಸ್ಟೌಂಡಿಂಗ್’. ಆನ್ಸನ್ ಎಂಬುದು ಹೈನ್‌ಲೈನರದೇ ನಡುವಿನ ಹೆಸರು (ರಾಬರ್ಟ್ ಎ. ಎಂಬಲ್ಲಿನ ಎ. ಅದೇ), ಮ್ಯಾಕ್‌ಡೊನಾಲ್ಡ್ ಎಂಬುದು ಆಗಿನ ಪತ್ನಿ ಲೆಸ್ಲಿನ್ ಅವರ ತವರಿನ ಹೆಸರು. ಅಡಗಿಕೊಳ್ಳಬೇಕೆಂದಿದ್ದವರು ಮನೆಬಾಗಿಲ ಮೇಲಿನ ಹೆಸರನ್ನೇ ಎರಡು ತುಂಡು ಮಾಡಿ ಅಂಟಿಸುತ್ತಿರಲಿಲ್ಲ. 1941ರ ಜನವರಿಯಿಂದ ಮಾರ್ಚ್‌ವರೆಗೆ ಧಾರಾವಾಹಿಯಾಗಿ ಬಂದ ‘ಸಿಕ್ಸ್ತ್ ಕಾಲಂ’ಗೆ ಈ ಹೆಸರು ಮೊದಲು ಬಿತ್ತು. ಆ ಕಾದಂಬರಿಯ ಎಲುಬುಗೂಡು ಕ್ಯಾಂಪ್‌ಬೆಲ್ ಅವರದೇ. ‘ಆಲ್’ ಎಂಬ ಅವರ ಮೂಲ ಕರಡು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1976ರಲ್ಲಿ.

ಎರಡು ಹೆಸರು ಯಾಕೆ ಬೇಕಾದವು ಎಂಬುದು 1941ರ ಮೇ ಸಂಚಿಕೆಯ ಪರಿವಿಡಿಯಲ್ಲಿ ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಹೈನ್‌ಲೈನ್ ಹೆಸರಿನಲ್ಲಿ ‘ಯೂನಿವರ್ಸ್’ ಇದೆ, ಆನ್ಸನ್ ಮ್ಯಾಕ್‌ಡೊನಾಲ್ಡ್ ಹೆಸರಿನಲ್ಲಿ ‘ಸೊಲ್ಯೂಷನ್ ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಇದೆ. (ಐಸಾಕ್ ಅಸಿಮೋವರ ‘ಲಯರ್!’ ಬಂದದ್ದೂ ಆ ಸಂಚಿಕೆಯಲ್ಲೇ, ಓದುಗರ ಅದೃಷ್ಟ.) ಒಂದು ಕಾರಣ ಎಲ್ಲ ಸಂಪಾದಕರಿಗೂ ಗೊತ್ತಿರುವಂಥದ್ದು. ಒಂದೇ ಸಂಚಿಕೆಯಲ್ಲಿ ಒಬ್ಬರದೇ ಹೆಸರು ಎರಡು ಸಲ ಬಂದರೆ ಪತ್ರಿಕೆಗೆ ಬರೆಯುವವರೇ ಗತಿಯಿಲ್ಲ ಎಂದು ಓದುಗ ಭಾವಿಸುತ್ತಾನೆ. ಇದಕ್ಕಿಂತ ಗಟ್ಟಿಯಾದ ಎರಡನೆಯ ಕಾರಣವೂ ಆ ಸಂಚಿಕೆಯಲ್ಲೇ ಅಚ್ಚಾಗಿದೆ: ‘ಫ್ಯೂಚರ್ ಹಿಸ್ಟರಿ’ ಎಂದು ಹೆಸರಾದ ಕಾಲಪಟ್ಟಿ. ಹೈನ್‌ಲೈನ್ ತಮ್ಮ ಬಹುಪಾಲು ಕತೆಗಳನ್ನು ಒಂದೇ ಭವಿಷ್ಯದ ಇತಿಹಾಸದೊಳಗೆ ಹೆಣೆಯುತ್ತಿದ್ದರು. ಯಾವ ಕತೆ ಯಾವ ಕಾಲದ್ದು, ಯಾವ ಪಾತ್ರ ಎಲ್ಲಿಂದ ಎಲ್ಲಿಯವರೆಗೆ ಬದುಕಿತ್ತು, ಯಾವ ಯಂತ್ರ ಯಾವಾಗ ಬಂತು, ಸಮಾಜ ಹೇಗೆ ಹೊರಳಿತು ಎಂಬುದೆಲ್ಲ ಆ ಪಟ್ಟಿಯಲ್ಲಿತ್ತು.

‘ಸೊಲ್ಯೂಷನ್ ಅನ್‌ಸ್ಯಾಟಿಸ್‌ಫ್ಯಾಕ್ಟರಿ’ಯನ್ನು ಆ ಪಟ್ಟಿಯೊಳಗೆ ಇಡಲು ನೋಡಿ. ಕತೆಯಲ್ಲಿ ಅಮೆರಿಕ ವಿಕಿರಣದ ಪುಡಿಯೊಂದನ್ನು ಅಸ್ತ್ರವಾಗಿಸುತ್ತದೆ, ಅದನ್ನು ಬರ್ಲಿನ್ ಮೇಲೆ ಚೆಲ್ಲಿ ಯುದ್ಧ ಮುಗಿಸಲಾಗುತ್ತದೆ. ಅಲ್ಲಿಂದ ಮುಂದೆ ಇಡೀ ಲೋಕ ಒಂದು ಗಸ್ತುಪಡೆಯ ಕೈಗೆ, ಕೊನೆಗೆ ಒಬ್ಬನ ಕೈಗೆ ಬರುತ್ತದೆ. ಇದೆಲ್ಲ ಆಗುವುದು 1940ರ ದಶಕದಲ್ಲೇ. ಇದನ್ನು ಹೈನ್‌ಲೈನ್ ಹೆಸರಿನಲ್ಲಿ ಹಾಕಿದರೆ ಓದುಗ ಕಾಲಪಟ್ಟಿ ತೆರೆದು ‘ಇದು ಎಲ್ಲಿ ಕೂರುತ್ತದೆ?’ ಎಂದು ಕೇಳದೆ ಬಿಡನು. ಕೂತರೆ ಪಟ್ಟಿಯ ಉಳಿದ ಶತಮಾನಗಳೆಲ್ಲ ಕುಸಿಯುತ್ತವೆ. ಅದಕ್ಕೇ ಈ ಇತಿಹಾಸಕ್ಕೆ ಸೇರಿದ್ದು ಹೈನ್‌ಲೈನ್ ಹೆಸರಿಗೆ, ಸೇರದ್ದು ಮ್ಯಾಕ್‌ಡೊನಾಲ್ಡ್ ಹೆಸರಿಗೆ ಎಂಬ ಪಾಲು. ಇಲ್ಲಿ ಹೆಸರು ಮಾಡುತ್ತಿದ್ದುದು ಡಬ್ಬಿಯ ಮೇಲಿನ ಚೀಟಿಯ ಕೆಲಸ.

ಕ್ಯಾಂಪ್‌ಬೆಲ್‌ಗೆ ಈ ವಿದ್ಯೆ ಹೊಸದಲ್ಲ. ಸಂಪಾದಕರಾಗುವ ಮೊದಲು ಸ್ವತಃ ಕತೆ ಬರೆಯುತ್ತಿದ್ದಾಗ, ಆಕಾಶನೌಕೆಗಳ ಕಾಳಗದ ಕತೆಗಳಿಗೆ ತಮ್ಮ ಹೆಸರು, ನಿಧಾನಗತಿಯ ವಿಷಾದದ ಕತೆಗಳಿಗೆ ಡಾನ್ ಎ. ಸ್ಟುವರ್ಟ್ ಎಂದು ಅವರೂ ಪಾಲು ಮಾಡಿಕೊಂಡಿದ್ದರು. ಪತ್ನಿ ಡೋನಾ ಸ್ಟುವರ್ಟ್ ಅವರ ಹೆಸರನ್ನೇ ಚೂರು ತಿರುಚಿದ್ದು ಅದು. 1934ರ ನವೆಂಬರಿನ ‘ಟ್ವಿಲೈಟ್’ ಸ್ಟುವರ್ಟ್ ಹೆಸರಿನದು.

1941ರ ಅಕ್ಟೋಬರ್ ಸಂಚಿಕೆಯನ್ನು ಹೇಳದೆ ಮುಂದೆ ಹೋಗಲಾರೆವು. ‘ಯೂನಿವರ್ಸ್’ನ ಮುಂದುವರಿಕೆ ‘ಕಾಮನ್ ಸೆನ್ಸ್’ ಹೈನ್‌ಲೈನ್ ಹೆಸರಿನಲ್ಲಿ, ‘ಬೈ ಹಿಸ್ ಬೂಟ್‌ಸ್ಟ್ರಾಪ್ಸ್’ ಮ್ಯಾಕ್‌ಡೊನಾಲ್ಡ್ ಹೆಸರಿನಲ್ಲಿ. ಎರಡನೆಯ ಕತೆಯಲ್ಲಿ ಬಾಬ್ ವಿಲ್ಸನ್ ಎಂಬ ವಿದ್ಯಾರ್ಥಿ ಬಾಗಿಲು ಹಾಕಿಕೊಂಡು ಪ್ರಬಂಧ ಟೈಪ್ ಮಾಡುತ್ತಿರುತ್ತಾನೆ. ಕೋಣೆಯಲ್ಲಿ ಒಂದು ಕಾಲದ್ವಾರ ತೆರೆದುಕೊಂಡು ಅದರೊಳಗಿಂದ ಒಬ್ಬ ಬರುತ್ತಾನೆ, ಆಮೇಲೆ ಇನ್ನೊಬ್ಬ. ಮೂವರೂ ಜಗಳವಾಡಿ ಕೈಕೈ ಮಿಲಾಯಿಸುತ್ತಾರೆ. ಬಂದವರೆಲ್ಲ ಬಾಬ್ ವಿಲ್ಸನ್ನೇ. ದ್ವಾರದ ಆಚೆ ಕಾಯುತ್ತಿರುವ ಹಿರಿಯನೂ ಅವನೇ. ಒಬ್ಬನೇ ಮನುಷ್ಯ ಒಂದೇ ಕೋಣೆಯಲ್ಲಿ ಹಲವರಾಗಿ ನಿಂತು ತನ್ನನ್ನೇ ಗುರುತಿಸದ ಕತೆಯನ್ನು, ಒಂದೇ ಸಂಚಿಕೆಯಲ್ಲಿ ಇಬ್ಬರಾಗಿ ನಿಂತವರು ಬರೆದಿದ್ದಾರೆ. ಬೇಕೆಂದೇ ಮಾಡಿದ್ದೋ ಏನೋ, ನಮಗಂತೂ ಪರಿವಿಡಿ ನೋಡಿದಾಗಲೆಲ್ಲ ನಗು ಬರುತ್ತದೆ.

ಆ ವರ್ಷ ಎರಡು ಹೆಸರು ಒಟ್ಟಿಗೆ ಬಂದ ಸಂಚಿಕೆಗಳು ಇನ್ನೂ ಇವೆ. ಫೆಬ್ರವರಿ, ಮಾರ್ಚ್‌ನಲ್ಲಿ ‘ಸಿಕ್ಸ್ತ್ ಕಾಲಂ’ ಪಕ್ಕದಲ್ಲೇ ಹೈನ್‌ಲೈನ್ ಕತೆಗಳಿದ್ದವು. ಜುಲೈನಲ್ಲಿ ‘ಮೆಥೂಸೆಲಾಸ್ ಚಿಲ್ಡ್ರನ್’ ಧಾರಾವಾಹಿಯ ಮೊದಲ ಕಂತಿನ ಜೊತೆ ಮ್ಯಾಕ್‌ಡೊನಾಲ್ಡರ ‘ವೀ ಆಲ್ಸೋ ವಾಕ್ ಡಾಗ್ಸ್’ ಬಂತು. ಸೆಪ್ಟೆಂಬರಿನಲ್ಲಿ ಅದೇ ಧಾರಾವಾಹಿಯ ಕೊನೆಯ ಕಂತಿನ ಜೊತೆ ‘ಎಲ್ಸ್‌ವೇರ್’ ಬಂತು, ಈ ಸಲ ಕೇಲೆಬ್ ಸಾಂಡರ್ಸ್ ಎಂಬ ಮೂರನೆಯ ಹೆಸರಿನಲ್ಲಿ. ಈ ನಡುವೆ ಜುಲೈ ತಿಂಗಳಲ್ಲಿ ಡೆನ್ವರಿನಲ್ಲಿ ನಡೆದ ಮೂರನೆಯ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಗೌರವ ಅತಿಥಿಯಾಗಿ ಹೋಗಿ ಭಾಷಣ ಮಾಡಿದ್ದೂ ಇದೇ ಹೈನ್‌ಲೈನ್.

ಹಾಗೆಂದು ಈ ವಿಂಗಡಣೆಯನ್ನು ಕಣ್ಣು ಮುಚ್ಚಿ ನಂಬಬಾರದು, ಅಲ್ಲಲ್ಲಿ ಸೋರುತ್ತದೆ. ನಾಲ್ಕನೆಯ ಆಯಾಮದಲ್ಲಿ ಮಡಚಿಕೊಳ್ಳುವ ಮನೆಯ ಕತೆ (1941ರ ಫೆಬ್ರವರಿಯದು) ಭವಿಷ್ಯದ ಇತಿಹಾಸಕ್ಕೆ ಸೇರಿದ್ದಲ್ಲ, ಆದರೂ ಹೈನ್‌ಲೈನ್ ಹೆಸರಿನಲ್ಲೇ ಬಂತು. ‘ಅಸ್ಟೌಂಡಿಂಗ್’ನ ಒಡಹುಟ್ಟಿದ ಪತ್ರಿಕೆ ‘ಅನ್‌ನೋನ್’ನಲ್ಲಿ ಬಂದ ಮಾಂತ್ರಿಕ ಕತೆಗಳೂ ಹಾಗೆಯೇ. ಮ್ಯಾಕ್‌ಡೊನಾಲ್ಡ್ ಹೆಸರಿನ ‘ವೀ ಆಲ್ಸೋ ವಾಕ್ ಡಾಗ್ಸ್’ 1951ರಲ್ಲಿ ‘ದಿ ಗ್ರೀನ್ ಹಿಲ್ಸ್ ಆಫ್ ಅರ್ಥ್’ ಸಂಕಲನದೊಳಗೆ ಇತಿಹಾಸದ ಭಾಗವಾಗಿ ಕೂತಿತು. ಅರ್ಧ ಸೆಂಟಿನ ‘ಲೆಟ್ ದೇರ್ ಬಿ ಲೈಟ್’ 1950ರ ಸಂಕಲನದಲ್ಲಿ ಇತಿಹಾಸಕ್ಕೆ ಸೇರಿ, 1967ರ ದೊಡ್ಡ ಸಂಕಲನದಲ್ಲಿ ಹೊರಬಿತ್ತು. ಹೆಸರು ನೋಡಿ ಕತೆಯ ಜಾತಿ ಹೇಳುತ್ತೇನೆಂದು ಹೊರಟವರು ಎಡವುವುದು ಇಲ್ಲೇ.

1942ರಲ್ಲಿ ಹೈನ್‌ಲೈನ್ ಯುದ್ಧಕಾಲದ ಕೆಲಸಕ್ಕೆಂದು ಫಿಲಡೆಲ್ಫಿಯಾದ ನೌಕಾಪಡೆಯ ಪ್ರಯೋಗಾಲಯ ಸೇರಿದರು. ಆ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ‘ಬಿಯಾಂಡ್ ದಿಸ್ ಹೊರೈಜನ್’, ಆಗಸ್ಟಿನಲ್ಲಿ ‘ವಾಲ್ಡೋ’, ಎರಡೂ ಮ್ಯಾಕ್‌ಡೊನಾಲ್ಡ್ ಹೆಸರಿನಲ್ಲಿ. ಅಕ್ಟೋಬರಿನ ‘ಅನ್‌ನೋನ್ ವರ್ಲ್ಡ್ಸ್’ನಲ್ಲಿ ಜೊನಾಥನ್ ಹೋಗ್‌ನ ವಿಚಿತ್ರ ಕಸುಬಿನ ಕತೆ, ಜಾನ್ ರಿವರ್‌ಸೈಡ್ ಹೆಸರಿನಲ್ಲಿ. ಅಷ್ಟಕ್ಕೇ ನಿಂತಿತು. ಒಬ್ಬರು ಎದ್ದು ಹೋದರೆ ಕ್ಯಾಂಪ್‌ಬೆಲ್‌ರ ಪಂಕ್ತಿಯಲ್ಲಿ ನಾಲ್ಕು ಎಲೆ ಖಾಲಿ.

ಯುದ್ಧದ ನಂತರ ಈ ಏರ್ಪಾಡಿಗೆ ಅರ್ಥವೇ ಉಳಿಯಲಿಲ್ಲ. 1947ರ ಫೆಬ್ರವರಿ 8ರ ‘ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್’ನಂಥ ನುಣುಪು ಕಾಗದದ ವಾರಪತ್ರಿಕೆಯಲ್ಲಿ ಸ್ವಂತ ಹೆಸರಿಗೆ ಜಾಗ ಸಿಕ್ಕಿತು. ಅದೇ ವರ್ಷದ ಮೇ ತಿಂಗಳಲ್ಲಿ ‘ಸ್ಟಾರ್ಟ್ಲಿಂಗ್ ಸ್ಟೋರೀಸ್’ನಲ್ಲಿ ಲೈಲ್ ಮನ್ರೋ ಕೊನೆಯ ಬಾರಿ ಕಾಣಿಸಿಕೊಂಡರು. ‘ಪಾಪ್ಯುಲರ್ ಡಿಟೆಕ್ಟಿವ್’ನಲ್ಲಿ ಬಂದ ಒಂದು ಪತ್ತೇದಾರಿ ಕತೆಗೆ ಸೈಮನ್ ಯಾರ್ಕ್ ಎಂಬ ಐದನೆಯ ಹೆಸರು ಬಿತ್ತು. ಹೆಸರಿನ ಖಾತೆ ಅಲ್ಲಿಗೆ ಮುಗಿಯಿತು.

ಇನ್ನು ಅನುವಾದಕರಿಗೆ ಬೇಕಾದ ಮಾತು. ನಮ್ಮ ಕೈಗೆ ಸಿಗುವುದು ಮೂಲ ಪತ್ರಿಕೆಯಲ್ಲ, ಆಮೇಲಿನ ಸಂಕಲನ. ಅದರ ಹೊದಿಕೆಯ ಮೇಲೆ ಹೈನ್‌ಲೈನ್ ಎಂದೇ ಇರುತ್ತದೆ. ಹಕ್ಕುಸ್ವಾಮ್ಯದ ಪುಟ ತೆರೆದರೂ ಇಸವಿ ಮತ್ತು ಮೂಲ ಪ್ರಕಾಶಕರು (‘ಅಸ್ಟೌಂಡಿಂಗ್’ ಕತೆಗಳಿಗೆ ಸ್ಟ್ರೀಟ್ ಅಂಡ್ ಸ್ಮಿತ್) ಸಿಗುತ್ತಾರೆಯೇ ಹೊರತು ಆಗ ಹಾಕಿದ್ದ ಹೆಸರು ಸಿಗುವುದು ಅಪರೂಪ. ಮೇಲಾಗಿ ಶೀರ್ಷಿಕೆಗಳೂ ಬದಲಾಗಿರುತ್ತವೆ. ‘ಲಾಸ್ಟ್ ಲೀಜನ್’ ಪುಸ್ತಕಕ್ಕೆ ಬರುವಾಗ ‘ಲಾಸ್ಟ್ ಲೆಗಸಿ’ ಆಯಿತು. ‘ಎಲ್ಸ್‌ವೇರ್’ ಎಂಬುದು ‘ಎಲ್ಸ್‌ವೆನ್’ ಆಯಿತು. ಎರಡೂ 1953ರ ‘ಅಸೈನ್‌ಮೆಂಟ್ ಇನ್ ಇಟರ್ನಿಟಿ’ಯಲ್ಲಿವೆ. ‘ಹೈಲ್!’ 1980ರಲ್ಲಿ ‘ಸಕ್ಸೆಸ್‌ಫುಲ್ ಆಪರೇಷನ್’ ಎಂದಾಯಿತು. 1949ರಲ್ಲಿ ಗ್ನೋಮ್ ಪ್ರೆಸ್ ‘ಸಿಕ್ಸ್ತ್ ಕಾಲಂ’ ಎಂದೇ ತಂದ ಕಾದಂಬರಿಯನ್ನು 1951ರ ಸಿಗ್ನೆಟ್ ಪೇಪರ್‌ಬ್ಯಾಕ್ ‘ದಿ ಡೇ ಆಫ್ಟರ್ ಟುಮಾರೊ’ ಎಂದು ಮಾರಿತು. ಲೇಖಕರ ಹೆಸರೂ ಶೀರ್ಷಿಕೆಯೂ ಒಟ್ಟಿಗೆ ಬದಲಾದರೆ ಒಂದು ಕತೆ ಎರಡಾಗುವುದಕ್ಕೆ ಇನ್ನೇನು ಬೇಕು?

ಆದ್ದರಿಂದ ಪ್ರತಿ ಕತೆಗೂ ನಾಲ್ಕು ವಿವರ ಬರೆದಿಟ್ಟುಕೊಳ್ಳಬೇಕು: ಮೊದಲು ಅಚ್ಚಾದ ಪತ್ರಿಕೆ, ತಿಂಗಳು ಸಹಿತ ಇಸವಿ, ಆಗಿನ ಶೀರ್ಷಿಕೆ, ಆಗಿನ ಹೆಸರು. ಅಂತರಜಾಲದಲ್ಲಿರುವ ಐಎಸ್‌ಎಫ್‌ಡಿಬಿ ಎಂಬ ವಿಜ್ಞಾನ ಕಥಾ ಕೋಶದಲ್ಲಿ ಯಾವ ಮುದ್ರಣದಲ್ಲಿ ಯಾವ ಹೆಸರಿತ್ತು ಎಂಬುದು ಬೇರೆ ಬೇರೆಯಾಗಿ ಸಿಗುತ್ತದೆ. ಆಮೇಲೆ ಮೂಲ ಸಂಚಿಕೆಯ ಸ್ಕ್ಯಾನ್ ಸಿಕ್ಕರೆ ಪರಿವಿಡಿಯನ್ನೂ ಕತೆಯ ಮೊದಲ ಪುಟವನ್ನೂ ಎರಡನ್ನೂ ನೋಡಬೇಕು, ಆತುರದ ಮುದ್ರಣದಲ್ಲಿ ಇವೆರಡು ತಾಳೆಯಾಗದಿರುವುದೂ ಉಂಟು. ಒಂದು ಎಚ್ಚರಿಕೆ. ಅಲೆಕ್ಸಾಂಡರ್ ಬ್ಲೇಡ್‌ನಂಥ ಹೆಸರುಗಳು ಲೇಖಕರವಲ್ಲ, ಪ್ರಕಾಶನ ಸಂಸ್ಥೆಯವು. ಜಿಫ್-ಡೇವಿಸ್ ಪತ್ರಿಕೆಗಳಲ್ಲಿ ಹಲವರು ಆ ಅಂಗಿ ತೊಟ್ಟು ಬರೆದಿದ್ದಾರೆ. ಅಲ್ಲಿ ಕತೆಯ ಲೆಕ್ಕದಲ್ಲಿ ಕರ್ತೃವನ್ನು ಹುಡುಕಬೇಕು. ಹೆಸರಿನ ಲೆಕ್ಕದಲ್ಲಿ ಹುಡುಕಿದರೆ ಒಬ್ಬರ ತಲೆಗೆ ಹತ್ತು ಜನರ ಕೆಲಸ ಬೀಳುತ್ತದೆ.

ಹಕ್ಕಿನ ವಿಷಯದಲ್ಲಿ ಆಗುವ ತಪ್ಪು ಇನ್ನೂ ದುಬಾರಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 23ನೆಯ ಕಲಮಿನಂತೆ ಬೇರೆ ಹೆಸರಿನಲ್ಲಿ ಪ್ರಕಟವಾದ ಕೃತಿಗೆ, ಪ್ರಕಟಣೆಯ ಮರುವರ್ಷದ ಆರಂಭದಿಂದ 60 ವರ್ಷ ರಕ್ಷಣೆ. ಇಷ್ಟನ್ನೇ ಓದಿದವರು, ‘ಮ್ಯಾಕ್‌ಡೊನಾಲ್ಡ್, 1941, ಅರವತ್ತು ಕೂಡಿಸಿದರೆ 2001, ಈಗ ಯಾರು ಬೇಕಾದರೂ ಅನುವಾದಿಸಬಹುದು’ ಎಂದು ಹೊರಡುತ್ತಾರೆ. ಅದೇ ಕಲಮಿನ ಮುಂದಿನ ಸಾಲನ್ನೂ ಓದಬೇಕು. ಆ ಅವಧಿಯೊಳಗೆ ಕರ್ತೃ ಯಾರೆಂದು ಬಹಿರಂಗವಾದರೆ ಲೆಕ್ಕ ಕರ್ತೃವಿನ ಮರಣದಿಂದ ಶುರುವಾಗುತ್ತದೆ. ಕರ್ತೃವೂ ಪ್ರಕಾಶಕರೂ ಸೇರಿ ಹೊರಗೆಡಹಿದರೆ ಬಹಿರಂಗವಾದಂತೆಯೇ. ಹೈನ್‌ಲೈನರ ಮಟ್ಟಿಗೆ 1948ರಲ್ಲಿ ‘ಬಿಯಾಂಡ್ ದಿಸ್ ಹೊರೈಜನ್’ ಅವರ ಸ್ವಂತ ಹೆಸರಿನಲ್ಲೇ ಪುಸ್ತಕವಾಯಿತು, ಉಳಿದವು ಒಂದೊಂದಾಗಿ ಹಿಂಬಾಲಿಸಿದವು. ಅವರು ತೀರಿಕೊಂಡದ್ದು 1988ರ ಮೇ 8ರಂದು. ಆ ಪ್ರಕಾರ 2048 ಮುಗಿಯಬೇಕು. ವಿದೇಶಿ ಕೃತಿಯಾದ್ದರಿಂದ ಅಮೆರಿಕದಲ್ಲಿ ಆಯಾ ಕತೆಯ ಹಕ್ಕು ನವೀಕರಣವಾಗಿತ್ತೇ, ಅಲ್ಲಿನ ಅವಧಿ ಎಷ್ಟು ಎಂಬುದನ್ನೂ ಕತೆಕತೆಗೆ ನೋಡಬೇಕು. ಅಚ್ಚಿಗೆ ಕೊಡುವ ಮೊದಲು ಹಕ್ಕುದಾರರಿಗೆ ಒಂದು ಪತ್ರ ಬರೆಯುವುದು ಕ್ಷೇಮ.

ಗ್ರಂಥಪಾಲಕರಿಗೆ ಎರಡೇ ಮಾತು. ಕೋಹಾದಂಥ ಗ್ರಂಥಾಲಯ ತಂತ್ರಾಂಶದಲ್ಲಿ ಮಾರ್ಕ್ ಎಂಬ ಕ್ಯಾಟಲಾಗ್ ನಮೂನೆಯ ದಾಖಲೆ ಮಾಡುವಾಗ ಕರ್ತೃವಿನ 100ನೆಯ ಕ್ಷೇತ್ರದಲ್ಲಿ ಹೈನ್‌ಲೈನ್ ಎಂಬ ಒಂದೇ ಹೆಸರು ಇರಲಿ, 245ರ ಸಿ ಉಪಕ್ಷೇತ್ರದಲ್ಲಿ ಕರ್ತೃವಿನ ಹೆಸರನ್ನು ಪುಸ್ತಕದ ಮೇಲೆ ಹೇಗಿದೆಯೋ ಹಾಗೇ ಇಳಿಸಿ, ಬೇರೆ ಶೀರ್ಷಿಕೆಗಳನ್ನು 246ಕ್ಕೆ ಹಾಕಿ. ಪ್ರಾಧಿಕೃತ ಹೆಸರಿನ ಕಡತದಲ್ಲಿ ಮ್ಯಾಕ್‌ಡೊನಾಲ್ಡ್, ಮನ್ರೋ ಮುಂತಾದವು 400ರಲ್ಲಿ ‘ಇದನ್ನು ನೋಡಿ’ ಎಂದು ಬರಬೇಕು. ಕನ್ನಡ ಬರಹದ ವೈವಿಧ್ಯವೂ ಅಲ್ಲಿಗೇ ಸೇರಬೇಕು. ಹೀನ್ಲೀನ್, ಹೆನ್ಲಿನ್, ಹೈನ್ಲೀನ್ ಎಂದೆಲ್ಲ ಬರೆದು, ಅವರು ಇಟ್ಟುಕೊಂಡ ಐದರ ಮೇಲೆ ನಾವೇ ಇನ್ನೂ ಮೂರು ಕಾವ್ಯನಾಮ ದಯಪಾಲಿಸಿದ್ದೇವೆ.

ನಿಜವಾದ ಗುಪ್ತನಾಮ ಬೇಕೆಂದರೆ ಜೇಮ್ಸ್ ಟಿಪ್ಟ್ರೀ ಜೂನಿಯರ್ ಇದ್ದಾರೆ. ಆಲಿಸ್ ಷೆಲ್ಡನ್ ಎಂಬ ಮಹಿಳೆ ಮಾರ್ಮಲೇಡ್ ಬಾಟಲಿಯ ಮೇಲಿನ ಹೆಸರನ್ನು ಎತ್ತಿಕೊಂಡು, ವರ್ಜೀನಿಯಾದ ಮೆಕ್ಲೀನ್‌ನ ಅಂಚೆಪೆಟ್ಟಿಗೆಯೊಂದರ ಮೂಲಕ ವ್ಯವಹರಿಸಿ, 1968ರಿಂದ ಸುಮಾರು ಒಂಬತ್ತು ವರ್ಷ ಯಾರಿಗೂ ಮುಖ ತೋರಿಸಲಿಲ್ಲ. ಈ ಬರಹ ಗಂಡಸಿನದೇ ಎಂದು 1975ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಮುನ್ನುಡಿಯಲ್ಲಿ ವಾದಿಸಿದ್ದರು. 1976ರಲ್ಲಿ ತಾಯಿಯ ನಿಧನವಾರ್ತೆಯ ಎಳೆ ಹಿಡಿದು ಓದುಗರು ಗುಟ್ಟು ಬಿಡಿಸಿದರು. ನಮ್ಮ ಊರಿನ ನಂಟು ಬೇಕೆಂದರೆ ತಮಿಳಿನ ಸುಜಾತ ಇದ್ದಾರೆ. ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರಾಗಿದ್ದು, ಮತಯಂತ್ರದ ವಿನ್ಯಾಸದಲ್ಲೂ ಪಾಲಿದ್ದು, ‘ಎನ್ ಇನಿಯ ಇಯಂದಿರಾ’ ಎಂಬ ಯಂತ್ರನಾಯಿಯ ಕಾದಂಬರಿ ಬರೆದ ಎಸ್. ರಂಗರಾಜನ್. ‘ಕುಮುದಂ’ ಪತ್ರಿಕೆಯಲ್ಲಿ ರಾ. ಕಿ. ರಂಗರಾಜನ್ ಆಗಲೇ ಇದ್ದುದರಿಂದ ಗೊಂದಲ ಬೇಡವೆಂದು ಹೆಂಡತಿಯ ಹೆಸರು ಇಟ್ಟುಕೊಂಡರು. ಮೂವರಿಗೂ ‘ಗುಪ್ತನಾಮ’ ಎಂಬ ಒಂದೇ ಮುದ್ರೆ ಒತ್ತಿದರೆ ಮೂರು ಬೇರೆ ಬೇರೆ ಕಾರಣಗಳೂ ಅಳಿಸಿಹೋಗುತ್ತವೆ.

ಇನ್ನು ಪುರವಣಿಯ ಚೌಕದ ತಿದ್ದುಪಡಿ. ‘ಬೈ ಹಿಸ್ ಬೂಟ್‌ಸ್ಟ್ರಾಪ್ಸ್’ ಮುಂದಿರುವ 1959 ಎಂಬುದು ‘ದಿ ಮೆನೇಸ್ ಫ್ರಂ ಅರ್ಥ್’ ಸಂಕಲನದ ಇಸವಿ. ಕತೆಯದು ಅಕ್ಟೋಬರ್ 1941, ಆನ್ಸನ್ ಮ್ಯಾಕ್‌ಡೊನಾಲ್ಡ್ ಹೆಸರಿನಲ್ಲಿ. 7 ಮತ್ತು 12ನೆಯ ಸಾಲಿನ ‘ಎಲ್ಸ್‌ವೇರ್’, ‘ಎಲ್ಸ್‌ವೆನ್’ ಒಂದೇ ಕತೆ, ಸೆಪ್ಟೆಂಬರ್ 1941, ಕೇಲೆಬ್ ಸಾಂಡರ್ಸ್. ‘ಪುಸ್ತಕವಾಗದೆ ಕಳೆದುಹೋದವು’ ಎಂದು ಕೆಳಗೆ ಕೊಟ್ಟಿರುವ ಮನ್ರೋ ಹೆಸರಿನ ‘ಪೈಡ್ ಪೈಪರ್’, ‘ಮೈ ಆಬ್ಜೆಕ್ಟ್ ಆಲ್ ಸಬ್ಲೈಮ್’ ಮತ್ತು ಎಲ್ಮಾ ವೆಂಟ್ಜ್ ಜೊತೆ ಬರೆದ ‘ಬಿಯಾಂಡ್ ಡೌಟ್’ ಕಳೆದುಹೋಗಿಲ್ಲ. ಹೈನ್‌ಲೈನ್ ತಾವಾಗಿ ತಮ್ಮ ಸಂಕಲನಗಳಿಂದ ಹೊರಗಿಟ್ಟಿದ್ದ ಆ ಮೂರೂ 2005ರ ‘ಆಫ್ ದಿ ಮೇನ್ ಸೀಕ್ವೆನ್ಸ್’ನಲ್ಲಿ ಸಿಗುತ್ತವೆ.

— ವಿಜ್ಞಾನ ಕತೆಗಳ ಕೆಲವು ಅನುವಾದಕರು ಮತ್ತು ಗ್ರಂಥಪಾಲಕರು, ಮೈಸೂರು